1984ರ ನಂತರದ ಡಿಯೋನನ್ನು ಕೇಳಬೇಕೋ ಬೇಡವೋ?

ಖಾಲಿ ಕ್ಯಾಸೆಟ್
ಮೊದಲೇ ಹೇಳಿಬಿಡುತ್ತೇನೆ, ಜಗಳ ಹಚ್ಚುವ ಉದ್ದೇಶ ನನಗಿಲ್ಲ. ಮೊನ್ನೆ ಗೆಳೆಯನೊಬ್ಬ ಹೆವಿ ಮೆಟಲ್ ಗಾಯಕ ರೋನಿ ಜೇಮ್ಸ್ ಡಿಯೋನ ಇಡೀ ಬದುಕಿಗೆ ಒಂದೇ ಉಸಿರಿನಲ್ಲಿ ತೀರ್ಪು ಬರೆದುಬಿಟ್ಟ. ರೇನ್‌ಬೋ ತಂಡದ ‘ರೈಸಿಂಗ್’ (1976), ಬ್ಲ್ಯಾಕ್ ಸಬ್ಬತ್‌ನ ‘ಹೆವನ್ ಆ್ಯಂಡ್ ಹೆಲ್’ (1980), ಸ್ವಂತ ತಂಡದ ‘ಹೋಲಿ ಡೈವರ್’ (1983) ಇಟ್ಟುಕೊಂಡರೆ ಸಾಕು, ಕನಿಕರವಿದ್ದರೆ 1984ರ ‘ದಿ ಲಾಸ್ಟ್ ಇನ್ ಲೈನ್’ ಕೂಡ ಇರಲಿ, ಉಳಿದದ್ದನ್ನೆಲ್ಲ ಅಟ್ಟಕ್ಕೆ ಹಾಕು ಎಂದ.

ನಿಜ ಹೇಳಬೇಕೆಂದರೆ ನಾನು ಕೇಳಿರುವುದೂ ಅಷ್ಟೇ. ಆದರೆ ಡಿಯೋ ತೀರಿಕೊಂಡದ್ದು 2010ರ ಮೇ 16ರಂದು. ಅಂದರೆ ಆ ನಾಲ್ಕನೆಯ ಆಲ್ಬಂ ಬಂದ ಮೇಲೆ ಇನ್ನೂ ಸುಮಾರು 25 ವರ್ಷ ಹಾಡುತ್ತಲೇ ಇದ್ದ. ಎಣಿಸಿ ನೋಡಿದೆ: ಸಬ್ಬತ್ ಬಳಗದ ಜೊತೆ ಮಾಡಿದ್ದನ್ನೂ ಸೇರಿಸಿದರೆ 10 ಸ್ಟುಡಿಯೋ ಆಲ್ಬಂಗಳು. ಅಷ್ಟೂ ಅಟ್ಟಕ್ಕೆ ಹೋಗುವಂಥವೇ? ಕುಂದಿದ್ದು ಧ್ವನಿಯೋ, ಹಾಡುಗಳೋ?

ತಾರಸ್ಥಾಯಿ
ನಿಮ್ಮ ಗೆಳೆಯ ಹೇಳಿದ್ದು ಸರಿ. ಚರ್ಚೆ ಮುಗಿಯಿತು.

ಆರನೆಯ ತಂತಿ
ಮುಗಿಯಲಿಲ್ಲ. ಈಗ ಶುರುವಾಯಿತು.

ಧ್ವನಿ ಕುಂದಲಿಲ್ಲ. 2009ರಲ್ಲಿ ‘ದಿ ಡೆವಿಲ್ ಯು ನೋ’ ಬಂದಾಗ ಅವನಿಗೆ 66 ವರ್ಷ. ಅದರ ‘ಬೈಬಲ್ ಬ್ಲ್ಯಾಕ್’ ಹಾಡನ್ನು ಒಮ್ಮೆ ಹಾಕಿ. ಮೊದಲು ಮೆಲ್ಲಗಿನ ಗಿಟಾರು, ಅದರ ಮೇಲೆ ಹತ್ತಿರ ಕುಳಿತು ಮಾತನಾಡಿದಂತೆ ಅವನ ಹಾಡು. ಆಮೇಲೆ ಸಬ್ಬತ್ ಗಿಟಾರುವಾದಕ ಟೋನಿ ಐಯೋಮಿಯ ರಿಫ್ (ಮರಳಿ ಮರಳಿ ಬರುವ ಗಿಟಾರಿನ ತುಣುಕು) ಬಂದು ಬಡಿದಾಗ ಆ ಕಂಠವೂ ಜೊತೆಗೇ ಮೇಲೇಳುತ್ತದೆ. ವಯಸ್ಸಾದ ಗಾಯಕರು ಸಾಮಾನ್ಯವಾಗಿ ಇಂಥ ಕಡೆ ಕೋರಸ್‌ನ ಹಿಂದೆ ಅಡಗುತ್ತಾರೆ. ಇವನು ಅಡಗುವುದಿಲ್ಲ.

ನನ್ನ ವಾದ ಇಷ್ಟೇ. ಡಿಯೋನ ಧ್ವನಿ ಸುಮಾರು 35 ವರ್ಷ ಒಂದೇ ಎತ್ತರದಲ್ಲಿತ್ತು. ಏರಿಳಿದದ್ದು ಪಕ್ಕದಲ್ಲಿ ನಿಂತ ಗಿಟಾರುವಾದಕನ ಮಟ್ಟ. ಒಳ್ಳೆಯ ಆಲ್ಬಂ ಎಂದು ಎಲ್ಲರೂ ಒಪ್ಪುವುದರ ಮೇಲೆ ಯಾರ ಹೆಸರಿದೆ ನೋಡಿ: ರೇನ್‌ಬೋದ ರಿಚಿ ಬ್ಲ್ಯಾಕ್‌ಮೋರ್, ಸಬ್ಬತ್‌ನ ಐಯೋಮಿ, ಡಿಯೋನ ಸ್ವಂತ ತಂಡದ ವಿವಿಯನ್ ಕ್ಯಾಂಪ್‌ಬೆಲ್. ಸಪ್ಪೆ ಎನ್ನುವುದರ ಮೇಲೆ ಬೇರೆಯವರ ಹೆಸರಿದೆ. ಇದಕ್ಕಿಂತ ದೊಡ್ಡ ಗುಟ್ಟೇನೂ ಇಲ್ಲ.

ಡೋಲುಬಡಿಗ
ಎಲ್ಲದಕ್ಕೂ ಗಿಟಾರೇ ಕಾರಣ ಅನ್ನುವವರಿಗೆ ಒಂದು ಪ್ರಶ್ನೆ. ‘ರೈಸಿಂಗ್’ನಿಂದ ಕೋಜಿ ಪವೆಲ್‌ನ ಡ್ರಮ್ಸ್ ತೆಗೆದರೆ ಏನು ಉಳಿಯುತ್ತದೆ?

ಆರನೆಯ ತಂತಿ
ಬ್ಲ್ಯಾಕ್‌ಮೋರ್ ಮತ್ತು ಡಿಯೋ ಉಳಿಯುತ್ತಾರೆ.

ಡೋಲುಬಡಿಗ
ನಿಮ್ಮ ಜೊತೆ ಮಾತಿಲ್ಲ.

ಕಂಚಿನ ಕಂಠ
ನಾನು ಹಾಡುವುದನ್ನು ಅಭ್ಯಾಸ ಮಾಡುತ್ತಿರುವವಳು. ಗಂಟಲಿನ ಕಡೆಯಿಂದ ಒಂದು ಮಾತು.

ಡಿಯೋ ಹಾಡುಗಾರಿಕೆಯನ್ನು ಯಾರ ಬಳಿಯೂ ಕಲಿತವನಲ್ಲ. ಬಾಲ್ಯದಲ್ಲಿ ಕಲಿತದ್ದು ಟ್ರಂಪೆಟ್. ಉಸಿರಿನ ಹಿಡಿತ ತನಗೆ ಬಂದದ್ದು ಆ ತುತ್ತೂರಿಯಿಂದಲೇ ಎಂದು ಅವನೇ ಹೇಳಿಕೊಂಡಿದ್ದಾನೆ. ಹೆಡ್‌ಫೋನ್ ಹಾಕಿಕೊಂಡು ಅವನ ಉದ್ದನೆಯ ಸ್ವರಗಳನ್ನು ಮಾತ್ರ ಗಮನಿಸಿ. ಸ್ವರ ಶುರುವಾಗುವಾಗ ಎಷ್ಟು ಗಟ್ಟಿಯೋ ಬಿಡುವಾಗಲೂ ಅಷ್ಟೇ ಗಟ್ಟಿ. ನಮ್ಮಂಥವರಿಗೆ ಕೊನೆಯಲ್ಲಿ ಗಾಳಿ ಸಾಲದೆ ಸ್ವರ ಜಾರುತ್ತದೆ, ಅದನ್ನು ಮುಚ್ಚಲು ಕಂಪನ ಸೇರಿಸುತ್ತೇವೆ. ಅವನ ಕಂಪನ ಬರುವುದು ಸ್ವರ ನೆಲೆ ನಿಂತ ಮೇಲೆ, ಅಲಂಕಾರಕ್ಕೆ. ಇನ್ನೊಂದು ವಿಷಯ, ಅವನ ಒರಟುತನ ಗಂಟಲನ್ನು ತಿಕ್ಕಿ ಮಾಡಿದ್ದಲ್ಲ. ನಾನು ಅದನ್ನು ಅನುಕರಿಸಲು ಹೋಗಿ ನಾಲ್ಕು ದಿನ ಪಿಸುಮಾತಿನಲ್ಲೇ ಬದುಕಿದ್ದೇನೆ. ದಯವಿಟ್ಟು ಯಾರೂ ‘ರೈಸಿಂಗ್’ ಆಲ್ಬಂನ ‘ಸ್ಟಾರ್‌ಗೇಜರ್’ ಹಾಡಿನ ಕೊನೆಯ ಎರಡು ನಿಮಿಷದಿಂದ ಅಭ್ಯಾಸ ಆರಂಭಿಸಬೇಡಿ.

ತಾರಸ್ಥಾಯಿ
ಹಾಡುವ ಶಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಮಾತುಗಳ ಬಗ್ಗೆ. ಮಳೆಬಿಲ್ಲು, ಡ್ರ್ಯಾಗನ್, ಬೆಂಕಿ, ಮಾಂತ್ರಿಕ, ಮತ್ತೆ ಮಳೆಬಿಲ್ಲು. ಹಾಡಿದ್ದೇ ಹಾಡುವ ಕಿಸಬಾಯಿ ದಾಸ ಎಂದರೆ ಇವನೇ. 1985ರ ‘ಸೇಕ್ರೆಡ್ ಹಾರ್ಟ್’ ಪ್ರವಾಸದಲ್ಲಂತೂ ವೇದಿಕೆಯ ಮೇಲೇ ಯಂತ್ರದ ಡ್ರ್ಯಾಗನ್ ನಿಲ್ಲಿಸಿಕೊಂಡು ಕತ್ತಿವರಸೆ ಮಾಡಿದ.

ಹಳೆಯ ಸುರುಳಿ
ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು. ಆ ಡ್ರ್ಯಾಗನ್ ನೋಡಲೆಂದೇ ಜನ ಟಿಕೆಟ್ ಕೊಂಡರು ಸ್ವಾಮಿ.

ಮಾಂತ್ರಿಕನ ಕಥೆಯನ್ನೇ ತೆಗೆದುಕೊಳ್ಳಿ. ‘ಸ್ಟಾರ್‌ಗೇಜರ್’ನಲ್ಲಿ ಏನಾಗುತ್ತದೆ? ಒಬ್ಬ ಮಾಂತ್ರಿಕ ನಕ್ಷತ್ರಗಳತ್ತ ಹಾರುತ್ತೇನೆಂದು ಸಾವಿರಾರು ಜನರನ್ನು ದುಡಿಸಿ ಗೋಪುರ ಕಟ್ಟಿಸುತ್ತಾನೆ. ಕೊನೆಗೆ ಹತ್ತುತ್ತಾನೆ, ಬೀಳುತ್ತಾನೆ, ಸಾಯುತ್ತಾನೆ. ಹಾಡುವವನು ಮಾಂತ್ರಿಕನಲ್ಲ, ಕಲ್ಲು ಹೊತ್ತವನು. ನಂಬಿ ಕೆಟ್ಟವನ ಬಾಯಿಂದ ಬರುವ ಹಾಡು ಅದು. ಮುಂದಿನ ‘ಎ ಲೈಟ್ ಇನ್ ದಿ ಬ್ಲ್ಯಾಕ್’ ಶುರುವಾಗುವುದೇ ಆ ಜನರ ಮುಂದಿನ ಗತಿಯಿಂದ. ಇದರಲ್ಲಿ ಮಕ್ಕಳ ಕಥೆ ಎಲ್ಲಿದೆ? ಅದಕ್ಕೆ ಲಂಡನ್ನಿನ ವಾದ್ಯವೃಂದವನ್ನು ಸೇರಿಸಿ ಎಂಟೂವರೆ ನಿಮಿಷದ ಹಾಡು ಮಾಡುವ ಧೈರ್ಯ 1976ರಲ್ಲಿ ಎಷ್ಟು ಜನರಿಗಿತ್ತು?

ಮೌನರಾಗ
ಒಂದು ಸಣ್ಣ ತಿದ್ದುಪಡಿ. ಲಂಡನ್ ಅಲ್ಲ, ಮ್ಯೂನಿಕ್ ಫಿಲ್‌ಹಾರ್ಮೋನಿಕ್. ಧ್ವನಿಮುದ್ರಣ ನಡೆದದ್ದೂ ಮ್ಯೂನಿಕ್‌ನ ಮ್ಯೂಸಿಕ್‌ಲ್ಯಾಂಡ್ ಸ್ಟುಡಿಯೋದಲ್ಲಿ, ನಿರ್ಮಾಪಕ ಮಾರ್ಟಿನ್ ಬರ್ಚ್.

ಹಳೆಯ ಸುರುಳಿ
ಒಪ್ಪಿದೆ. ವಯಸ್ಸಾಯಿತು, ಊರುಗಳು ಕಲಸಿಕೊಳ್ಳುತ್ತವೆ.

ವಯಸ್ಸಿನ ಮಾತು ಬಂದದ್ದಕ್ಕೆ ಒಂದು ಕಥೆ. ‘ಹೋಲಿ ಡೈವರ್’ ನನಗೆ ಸಿಕ್ಕಿದ್ದು ಯಾರೋ ಯಾರಿಂದಲೋ ನಕಲು ಮಾಡಿದ ಕ್ಯಾಸೆಟ್‌ನಲ್ಲಿ. ಟೇಪ್ ರೆಕಾರ್ಡರ್‌ನ ಬೆಲ್ಟ್ ಸಡಿಲವಾಗಿತ್ತು. ಅದು ನನಗೆ ಗೊತ್ತಿರಲಿಲ್ಲ. ಆರೇಳು ವರ್ಷ ನಾನು ಕೇಳಿದ ಡಿಯೋ ಕಾಲು ಸ್ವರದಷ್ಟು ಕೆಳಗೆ, ಸ್ವಲ್ಪ ನಿದ್ದೆಗಣ್ಣಿನಲ್ಲಿ ಹಾಡುವ ಮನುಷ್ಯ. ಆಮೇಲೆ ಸಿ.ಡಿ. ಕೈಗೆ ಬಂತು. ಮೊದಲ ಹಾಡು ‘ಸ್ಟ್ಯಾಂಡ್ ಅಪ್ ಆ್ಯಂಡ್ ಶೌಟ್’ ಹೊಡೆದುಕೊಂಡು ಬಂದ ವೇಗಕ್ಕೆ ಸಿ.ಡಿ. ಪ್ಲೇಯರ್ ಕೆಟ್ಟಿದೆ ಎಂದು ತಿಳಿದು ಆರಿಸಿಬಿಟ್ಟೆ. ಇಂದಿಗೂ ‘ಶೇಮ್ ಆನ್ ದಿ ನೈಟ್’ ಮಾತ್ರ ಆ ಸಡಿಲ ಬೆಲ್ಟಿನಲ್ಲೇ ಚೆನ್ನಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಹೊಸ ಕಿವಿ
ಎಲ್ಲರೂ ‘ಅವನು’, ‘ಇವನು’ ಎಂದು ಬರೆಯುತ್ತಿದ್ದೀರಲ್ಲ, ಅಷ್ಟು ದೊಡ್ಡ ಕಲಾವಿದರಿಗೆ ಬಹುವಚನ ಬೇಡವೇ?

ಹಳೆಯ ಸುರುಳಿ
ದೇವರಿಗೂ ಏಕವಚನವೇ ತಮ್ಮಾ. ಅಷ್ಟಕ್ಕೂ ಇಟಾಲಿಯನ್ ಭಾಷೆಯಲ್ಲಿ ‘ಡಿಯೋ’ ಎಂದರೆ ದೇವರು ಎಂದೇ ಅರ್ಥ.

ಮೌನರಾಗ
ಅರ್ಥ ಅದೇ. ಆದರೆ ಅವನು ಆ ಹೆಸರನ್ನು ಎತ್ತಿಕೊಂಡದ್ದು ದೇವರಿಂದಲ್ಲ, ಜಾನಿ ಡಿಯೋ ಎಂಬ ಮಾಫಿಯಾ ಮನುಷ್ಯನಿಂದ. ಹುಟ್ಟುಹೆಸರು ರೊನಾಲ್ಡ್ ಜೇಮ್ಸ್ ಪಡವೋನಾ. ಹುಟ್ಟಿದ್ದು 1942ರ ಜುಲೈ 10, ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್. ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಕೋರ್ಟ್‌ಲ್ಯಾಂಡ್.

ಹೊಸ ಕಿವಿ
ಹಾಗಾದರೆ ಮೆಟಲ್ ಅಭಿಮಾನಿಗಳು ಎತ್ತುವ ಆ ಎರಡು ಬೆರಳಿನ ಸಂಕೇತ ಕಂಡುಹಿಡಿದದ್ದೂ ಇವನೇ ಅಂತಾರಲ್ಲ, ಅದು?

ಮೌನರಾಗ
ಕಂಡುಹಿಡಿದದ್ದಲ್ಲ, ಹರಡಿದ್ದು. ಅವನ ಇಟಾಲಿಯನ್ ಅಜ್ಜಿ ದೃಷ್ಟಿ ತಗಲದಿರಲೆಂದು ತೋರುಬೆರಳು ಕಿರುಬೆರಳು ಎತ್ತಿ ತೋರಿಸುತ್ತಿದ್ದಳಂತೆ. 1979ರಲ್ಲಿ ಸಬ್ಬತ್ ಸೇರಿದಾಗ ಒಂದು ತೊಡಕಿತ್ತು. ಹಿಂದಿನ ಗಾಯಕ ಓಜಿ ಆಸ್‌ಬೋರ್ನ್ ಎರಡು ಬೆರಳಿನ ಶಾಂತಿ ಸಂಕೇತ ತೋರಿಸುತ್ತಿದ್ದ, ಅದನ್ನೇ ತಾನೂ ಮಾಡಿದರೆ ನಕಲಾಗುತ್ತದೆ. ಹಾಗಾಗಿ ಅಜ್ಜಿಯ ದೃಷ್ಟಿ ಸಂಕೇತ ವೇದಿಕೆ ಹತ್ತಿತು. ಕವನ್ ಎಂಬ ತಂಡದ 1969ರ ಆಲ್ಬಂನಲ್ಲೇ ಈ ಬೆರಳುಗಳಿವೆ, ಆದ್ದರಿಂದ ಮೊದಲಿಗ ಎನ್ನಲಾಗದು. 2017ರಲ್ಲಿ ಕಿಸ್ ತಂಡದ ಜೀನ್ ಸಿಮನ್ಸ್ ಇಂಥದ್ದೇ ಸಂಕೇತಕ್ಕೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ, ನಗೆಪಾಟಲಾದ ಮೇಲೆ ಹಿಂತೆಗೆದುಕೊಂಡ.

ತಾರಸ್ಥಾಯಿ
ಅಜ್ಜಿಗೆ ರಾಯಧನ ಕೊಟ್ಟರೇ?

ಆರನೆಯ ತಂತಿ
ರಾಯಧನದ ಮಾತು ಬಂದರೆ ವಿವಿಯನ್ ಕ್ಯಾಂಪ್‌ಬೆಲ್‌ನನ್ನು ಕೇಳಿ.

‘ಹೋಲಿ ಡೈವರ್’ ಮುದ್ರಿಸುವಾಗ ಆ ಬೆಲ್‌ಫಾಸ್ಟ್ ಹುಡುಗನಿಗೆ 20 ವರ್ಷ. ‘ರೇನ್‌ಬೋ ಇನ್ ದಿ ಡಾರ್ಕ್’ನ ರಿಫ್ ಅವನ ಹಳೆಯ ತಂಡ ಸ್ವೀಟ್ ಸ್ಯಾವೇಜ್‌ನ ಹಾಡಿನಿಂದ ಬಂದದ್ದು. ತಮಾಷೆಯೆಂದರೆ ಡಿಯೋಗೆ ಆ ಹಾಡೇ ಬೇಡವಾಗಿತ್ತು. ತೀರಾ ಪಾಪ್ ಆಯಿತೆಂದು ಟೇಪನ್ನೇ ಕತ್ತರಿಸಿ ಎಸೆಯಲು ಹೊರಟವನನ್ನು ಉಳಿದವರು ತಡೆದರು. ಆಮೇಲೆ ಏನಾಯಿತು ಎಲ್ಲರಿಗೂ ಗೊತ್ತು, ಆ ಹಾಡಿಲ್ಲದೆ ಕಛೇರಿ ಮುಗಿಯುವಂತಿರಲಿಲ್ಲ. ವಿವಿಯನ್ ಹೇಳುವಂತೆ, ಮೂರನೆಯ ಆಲ್ಬಂ ಹೊತ್ತಿಗೆ ಎಲ್ಲರಿಗೂ ಸಮಪಾಲು ಎಂಬ ಮಾತಾಗಿತ್ತು. ಮೂರನೆಯದು ಬಂತು, ಪಾಲು ಬರಲಿಲ್ಲ. ಕೇಳಿದ್ದಕ್ಕೆ 1986ರಲ್ಲಿ ಪ್ರವಾಸದ ನಡುವೆಯೇ ಹೊರಗೆ. ಡಿಯೋ ಕಡೆಯವರ ಕಥೆ ಬೇರೆ. ಇಬ್ಬರೂ ವರ್ಷಗಟ್ಟಲೆ ಪರಸ್ಪರ ಬೈದುಕೊಂಡರು, ರಾಜಿ ಆಗುವ ಮೊದಲೇ ಒಬ್ಬ ಹೋದ. ನನಗೆ ಇಡೀ ಚರಿತ್ರೆಯಲ್ಲಿ ಬೇಸರ ತರಿಸುವ ಭಾಗ ಇದೇ.

ಕಂಚಿನ ಕಂಠ
ಅದೇ ಇಬ್ಬರು 1985ರಲ್ಲಿ ಆಫ್ರಿಕಾದ ಕ್ಷಾಮ ಪರಿಹಾರಕ್ಕೆ ಹಾಡು ಮಾಡಿದ್ದರು ಎಂಬುದನ್ನೂ ಹೇಳಿ. ಹಿಯರ್ ಆ್ಯಂಡ್ ಏಡ್. ಯೋಚನೆ ಹುಟ್ಟಿದ್ದು ವಿವಿಯನ್ ಮತ್ತು ಬಾಸ್ ನುಡಿಸುತ್ತಿದ್ದ ಜಿಮ್ಮಿ ಬೇನ್‌ಗೆ, ಮುಂದೆ ನಿಂತು ನಡೆಸಿದ್ದು ಡಿಯೋ. 40 ಜನ ಮೆಟಲ್ ಕಲಾವಿದರನ್ನು ಒಂದೇ ಸ್ಟುಡಿಯೋದಲ್ಲಿ ನಿಲ್ಲಿಸುವುದು ಸಾಮಾನ್ಯವೇ? ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದಂತೆ.

ತಾರಸ್ಥಾಯಿ
ನೋಡಿ, ನೀವೇ ನನ್ನ ಕಡೆ ಬರುತ್ತಿದ್ದೀರಿ. ವಿವಿಯನ್ ಹೋದ ಮೇಲೆ ತಂಡ ಬಿತ್ತು. 1987ರ ‘ಡ್ರೀಮ್ ಈವಿಲ್’ ಪರವಾಗಿಲ್ಲ, 1990ರ ‘ಲಾಕ್ ಅಪ್ ದಿ ವುಲ್ವ್ಸ್’ಗೆ ಗಿಟಾರು ನುಡಿಸಲು ಹದಿಹರೆಯದ ಹುಡುಗನೊಬ್ಬನನ್ನು ಕರೆತಂದ. ಆಮೇಲೆ ಟ್ರೇಸಿ ಜಿ. ಹೆಸರೇ ಒಂದಕ್ಷರ, ಉಳಿದದ್ದನ್ನು ಊಹಿಸಿ.

ಮೌನರಾಗ
ಈಗ ನನಗೆ ಸಿಟ್ಟು ಬಂತು. ಇಲ್ಲಿಯವರೆಗೆ ಬರೀ ತಿದ್ದುತ್ತಿದ್ದೆ, ಈಗ ವಾದಿಸುತ್ತೇನೆ.

1993ರ ‘ಸ್ಟ್ರೇಂಜ್ ಹೈವೇಸ್’ ಯಾವ ಹೊತ್ತಿನಲ್ಲಿ ಬಂತು ಯೋಚಿಸಿ. ಹಿಂದಿನ ವರ್ಷ ಸಬ್ಬತ್‌ಗೆ ಮರಳಿ ‘ಡಿಹ್ಯೂಮನೈಸರ್’ ಮಾಡಿದ್ದ, ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾ ಪ್ರಕರಣ. ಓಜಿ ತನ್ನ ‘ವಿದಾಯ’ ಕಾರ್ಯಕ್ರಮಕ್ಕೆ ಸಬ್ಬತ್ ಮೊದಲು ನುಡಿಸಲಿ ಎಂದ, ಡಿಯೋ ಆಗುವುದಿಲ್ಲ ಎಂದು ಎದ್ದು ನಡೆದ. 1992ರ ನವೆಂಬರ್‌ನಲ್ಲಿ ಆ ಎರಡು ರಾತ್ರಿ ಜೂಡಸ್ ಪ್ರೀಸ್ಟ್‌ನ ರಾಬ್ ಹಾಲ್‌ಫರ್ಡ್ ಬಂದು ಹಾಡಿ ಮಾನ ಉಳಿಸಿದ. (ಓಜಿಯ ವಿದಾಯ ಎಷ್ಟು ದಿನ ಉಳಿಯಿತು ಎಂಬುದು ಬೇರೆ ಮಾತು.) ಹೊರಗೆ ಗ್ರಂಜ್ ಎಂಬ ಹೊಸ ರಾಕ್ ಶೈಲಿಯ ಗಾಳಿ, ಡ್ರ್ಯಾಗನ್ನುಗಳನ್ನು ಕೇಳುವವರಿಲ್ಲ. ಅಂಥ ಹೊತ್ತಿನಲ್ಲಿ ಡಿಯೋ ಮಳೆಬಿಲ್ಲನ್ನೆಲ್ಲ ಮಡಚಿಟ್ಟು ಬೀದಿಗೆ ಇಳಿದ. ‘ಹಾಲಿವುಡ್ ಬ್ಲ್ಯಾಕ್’ ಕೇಳಿ. ಅಲ್ಲಿ ಕೋಟೆಯಿಲ್ಲ, ರಾಜನಿಲ್ಲ. ನಿಧಾನ, ಭಾರ, ಕೊಳಕು. ಟ್ರೇಸಿ ಜಿ ಗಿಟಾರಿನಿಂದ ಬೇಕೆಂದೇ ಕಿರಿಕಿರಿ ಎಬ್ಬಿಸುತ್ತಾನೆ, ಅದರ ಮೇಲೆ 50 ದಾಟಿದ ಡಿಯೋ ಹಲ್ಲುಕಚ್ಚಿಕೊಂಡು ಹಾಡುತ್ತಾನೆ. ಕಿಸಬಾಯಿ ದಾಸ ಎಂದಿರಲ್ಲ ತಾರಸ್ಥಾಯಿಯವರೇ, ದಾಸ ಹೊಸ ಹಾಡು ಹಾಡಿದಾಗ ನೀವೇ ಎದ್ದು ಹೋದಿರಿ.

ಡೋಲುಬಡಿಗ
ವಿನ್ನಿ ಅಪಿಸಿ! ಆ ಆಲ್ಬಂನಲ್ಲಿ ಡ್ರಮ್ಸ್ ವಿನ್ನಿ ಅಪಿಸಿಯದು! ‘ಡಿಹ್ಯೂಮನೈಸರ್’ಗೂ ಮೊದಲು ಬರಬೇಕಿದ್ದವನು ಕೋಜಿ ಪವೆಲ್. ಅವನ ಮೇಲೆ ಅವನ ಕುದುರೆಯೇ ಬಿದ್ದು ಸೊಂಟ ಮುರಿದದ್ದರಿಂದ ವಿನ್ನಿಯನ್ನು ಕರೆದರು. ಇದನ್ನು ಹೇಳಲು ಎರಡು ದಿನದಿಂದ ಕಾಯುತ್ತಿದ್ದೆ.

ತಾರಸ್ಥಾಯಿ
ಮೌನರಾಗ, ನಿಮ್ಮ ಮಾತು ನಾಟಿತು. ಆದರೂ ಆ ಆಲ್ಬಂನಲ್ಲಿ ಗುನುಗಲು ಒಂದು ರಾಗವಿದೆಯೇ? ‘ಹೆವನ್ ಆ್ಯಂಡ್ ಹೆಲ್’ನ ‘ಡೈ ಯಂಗ್’ ಒಮ್ಮೆ ಕೇಳಿದರೆ ವಾರ ಬಿಡುವುದಿಲ್ಲ. ‘ಸ್ಟ್ರೇಂಜ್ ಹೈವೇಸ್’ ನಾಲ್ಕು ಸಲ ಕೇಳಿದೆ, ಒಂದು ಸಾಲೂ ಬಾಯಿಗೆ ಬರುವುದಿಲ್ಲ.

ಆರನೆಯ ತಂತಿ
ಅಲ್ಲಿಗೆ ನನ್ನ ವಾದಕ್ಕೇ ಬಂದಿರಿ. ಐಯೋಮಿ ಇದ್ದರೆ ಅದೇ ಭಾರದೊಳಗೂ ರಾಗ ಇರುತ್ತಿತ್ತು.

ಕಂಚಿನ ಕಂಠ
ನಾನು ಒಪ್ಪುವುದಿಲ್ಲ, ಪೂರ್ತಿ. ‘ಆ್ಯಂಗ್ರಿ ಮೆಷಿನ್ಸ್’ (1996) ಯಾರಿಗೂ ಇಷ್ಟವಿಲ್ಲ, ನನಗೂ ಬಹುಪಾಲು ಇಷ್ಟವಿಲ್ಲ. ಆದರೆ ಅದರ ಕೊನೆಯ ಹಾಡು ‘ದಿಸ್ ಈಸ್ ಯುವರ್ ಲೈಫ್’. ಗಿಟಾರೇ ಇಲ್ಲ. ಸ್ಕಾಟ್ ವಾರೆನ್‌ನ ಪಿಯಾನೋ ಮತ್ತು ಡಿಯೋ, ಅಷ್ಟೇ. ಅಲ್ಲಿ ಅವನು ಕೂಗುವುದಿಲ್ಲ. ಸಾಲಿನ ಕೊನೆಯ ಪದಗಳನ್ನು ಮೆಲ್ಲಗೆ ಕೆಳಗಿಡುತ್ತಾನೆ, ಗಾಜಿನ ಲೋಟ ಇಡುವಂತೆ. ಗಿಟಾರುವಾದಕ ಯಾರು ಎಂಬ ಪ್ರಶ್ನೆಯೇ ಬಾರದ ಹಾಡಿನಲ್ಲೂ ಅವನು ನಿಲ್ಲುತ್ತಾನೆ ಎಂದ ಮೇಲೆ ನಿಮ್ಮ ಸಿದ್ಧಾಂತ ಎಲ್ಲಿ ಹೋಯಿತು?

ಆರನೆಯ ತಂತಿ
ಒಂದು ಹಾಡಿಗೆ ರಜೆ ಕೊಟ್ಟಿದ್ದೇನೆ.

ಹಳೆಯ ಸುರುಳಿ
2000ದ ‘ಮ್ಯಾಜಿಕಾ’ ಯಾರೂ ಎತ್ತಲಿಲ್ಲವಲ್ಲ. ಇಡೀ ಆಲ್ಬಂ ಒಂದೇ ಕಥೆ. ಕೊನೆಗೆ ಆ ಕಥೆಯನ್ನು ಅವನೇ ಕುಳಿತು ಹದಿನೆಂಟು ನಿಮಿಷ ಓದುತ್ತಾನೆ. ಹಾಡಿಲ್ಲ, ಬರೀ ಓದು. ನಾನು ನಿದ್ದೆ ಬಾರದ ರಾತ್ರಿ ಅದನ್ನು ಹಾಕಿಕೊಳ್ಳುತ್ತೇನೆ. ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ.

ಹೊಸ ಕಿವಿ
ನಾನು ಡಿಯೋ ಹೆಸರು ಮೊದಲು ಕೇಳಿದ್ದು ಟೆನೇಶಿಯಸ್ ಡಿ ಎಂಬ ಹಾಸ್ಯದ ತಂಡದಿಂದ. ಅವನನ್ನು ಗೇಲಿ ಮಾಡಿದ್ದಾರೆ ಎಂದುಕೊಂಡಿದ್ದೆ.

ಮೌನರಾಗ
ಗೇಲಿಯೇ, ಆದರೆ ಭಕ್ತಿಯ ಗೇಲಿ. ಡಿಯೋಗೂ ಹಿಡಿಸಿತು. 2002ರ ‘ಕಿಲ್ಲಿಂಗ್ ದಿ ಡ್ರ್ಯಾಗನ್’ನ ‘ಪುಶ್’ ವಿಡಿಯೋದಲ್ಲಿ ಅವರನ್ನೇ ಕರೆದು ಕೂರಿಸಿದ. ಅವನು ಹೋದ ಮೇಲೆ ಶ್ರದ್ಧಾಂಜಲಿ ಆಲ್ಬಂಗೆ ಅವರು ‘ದಿ ಲಾಸ್ಟ್ ಇನ್ ಲೈನ್’ ಹಾಡಿದರು, 2015ರಲ್ಲಿ ಅದಕ್ಕೆ ಗ್ರ್ಯಾಮಿ ಬಂತು.

ತಾರಸ್ಥಾಯಿ
ಗ್ರ್ಯಾಮಿ ಬಂದದ್ದು ಹಾಸ್ಯಗಾರರಿಗೆ. ಇದಕ್ಕೆ ಏನನ್ನಬೇಕು?

ಹಳೆಯ ಸುರುಳಿ
ಅನ್ನುವುದೇನು, ಇಷ್ಟು ಸಣ್ಣ ಆಳು, ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು. ಗ್ರ್ಯಾಮಿ ಅವನ ಎತ್ತರಕ್ಕೆ ಸಾಕಾಗಲಿಲ್ಲ ಎನ್ನಿ. ನನಗೆ ಹಿಡಿಸದಿದ್ದದ್ದು ಆಮೇಲಿನ ಹೋಲೋಗ್ರಾಂ. 2016ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ಬೆಳಕಿನ ಗೊಂಬೆಯನ್ನು ನಿಲ್ಲಿಸಿ ಹಾಡಿಸಿದರಲ್ಲ, ಅದು.

ಕಂಚಿನ ಕಂಠ
ಹೆಂಡತಿ ವೆಂಡಿಯೇ ಒಪ್ಪಿ ಮಾಡಿಸಿದ್ದಾರೆ, ಜೊತೆಗೆ ನುಡಿಸಿದವರು ಅವನ ತಂಡದವರೇ. ಅವನನ್ನು ಒಮ್ಮೆಯೂ ನೋಡದವರಿಗೆ ಅಷ್ಟಾದರೂ ಸಿಕ್ಕಿತು.

ಹಳೆಯ ಸುರುಳಿ
ಗೊಂಬೆ ಉಸಿರು ತೆಗೆದುಕೊಳ್ಳುವುದಿಲ್ಲ ತಾಯೀ. ಉಸಿರಿನ ಬಗ್ಗೆ ಅಷ್ಟು ಬರೆದವರು ನೀವೇ.

ಕಂಚಿನ ಕಂಠ
…ಇದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಖಾಲಿ ಕ್ಯಾಸೆಟ್
ಪ್ರಶ್ನೆ ಕೇಳಿ ಮಾಯವಾದದ್ದಕ್ಕೆ ಕ್ಷಮಿಸಿ. ನೀವು ಕಿತ್ತಾಡುತ್ತಿರುವಷ್ಟು ಹೊತ್ತು ನಾನು ಕೇಳುತ್ತಿದ್ದೆ. ವರದಿ ಒಪ್ಪಿಸುತ್ತಿದ್ದೇನೆ.

‘ಸೇಕ್ರೆಡ್ ಹಾರ್ಟ್’: ಕೀಬೋರ್ಡ್ ಹೆಚ್ಚಾಯಿತು, ಮೊದಲ ಹಾಡು ಉಳಿಯಿತು. ‘ಡ್ರೀಮ್ ಈವಿಲ್’ ನನ್ನ ಗೆಳೆಯ ಹೇಳಿದ್ದಕ್ಕಿಂತ ಬಹಳ ಚೆನ್ನಾಗಿದೆ. ತೋಳಗಳ ಆಲ್ಬಂ (‘ಲಾಕ್ ಅಪ್ ದಿ ವುಲ್ವ್ಸ್’) ಅರ್ಧಕ್ಕೆ ನಿಲ್ಲಿಸಿದೆ. ‘ಡಿಹ್ಯೂಮನೈಸರ್’ ಎರಡು ಸಲ ಕೇಳಿದೆ, ಮೂರನೆಯ ಸಲಕ್ಕೆ ನೆರೆಯವರು ಬಾಗಿಲು ತಟ್ಟಿದರು. ‘ದಿ ಡೆವಿಲ್ ಯು ನೋ’ ಕೇಳಿದ ಮೇಲೆ, ಅದು ಬಂದ ವರ್ಷದ ನವೆಂಬರ್‌ನಲ್ಲೇ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತಲ್ಲ ಎಂಬುದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

‘ಸ್ಟ್ರೇಂಜ್ ಹೈವೇಸ್’ ಬಗ್ಗೆ: ತಾರಸ್ಥಾಯಿಯವರು ಹೇಳಿದ್ದು ನಿಜ, ಗುನುಗಲು ಬರುವುದಿಲ್ಲ. ಆದರೆ ಬೆಳಿಗ್ಗೆ ಪಾತ್ರೆ ತೊಳೆಯುವಾಗ ಕೈ ತಾನಾಗಿ ತಟ್ಟೆಯ ಮೇಲೆ ತಾಳ ಹಾಕುತ್ತಿತ್ತು. ಯಾವ ಹಾಡೆಂದು ಹಿಡಿಯಲು ಐದು ನಿಮಿಷ ಬೇಕಾಯಿತು. ‘ಹಾಲಿವುಡ್ ಬ್ಲ್ಯಾಕ್’.

ಡೋಲುಬಡಿಗ
ತಟ್ಟೆಯ ಮೇಲೆ ನೀವು ಬಡಿದದ್ದು ಡಿಯೋನೂ ಅಲ್ಲ, ಗಿಟಾರೂ ಅಲ್ಲ. ಯಾರು ಅಂತ ಎಲ್ಲರೂ ಒಮ್ಮೆ ಹೇಳಿ.

ಆರನೆಯ ತಂತಿ
ಹೇಳುವುದಿಲ್ಲ.